ಹಾಡಿನೊಳಗಿನ ಜನ ಎಲ್ಲಿ ಹೋದರು?

— ನಿನ್ನ ವಯಸ್ಸಿನವರೆಲ್ಲ ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನ ಒಳಕ್ಕೆ ಬಂದದ್ದು ಒಂದೇ ಬಾಗಿಲಿನಿಂದ ಅಂತ ಕಾಣುತ್ತದೆ. 'ಐ ವಾನಾ ಬಿ ಯುವರ್ಸ್.'

— ಬಂದರೆ ಏನು ತಪ್ಪು? 2013ರ 'ಎಎಮ್' ಆಲ್ಬಮ್ಮಿನ ಕಟ್ಟಕಡೆಯ ಹಾಡು ಅದು. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿತ್ತು. ಆಮೇಲೆ ಟಿಕ್‌ಟಾಕಿನ ಹುಡುಗ ಹುಡುಗಿಯರು ಅದನ್ನು ಎತ್ತಿಕೊಂಡರು. ಈಗ ಸ್ಪಾಟಿಫೈ ಒಂದರಲ್ಲೇ ಇನ್ನೂರು ಕೋಟಿ ಸಲಕ್ಕೂ ಹೆಚ್ಚು ಕೇಳಿದ್ದಾರೆ.

— ತಪ್ಪೇನೂ ಇಲ್ಲ. ತಮಾಷೆಯಿದೆ, ಅಷ್ಟೆ. ಆರ್ಕ್ಟಿಕ್ ಮಂಕೀಸ್‌ನವರ ಹಾಡುಗಳಲ್ಲಿ ಜಗತ್ತು ಅತಿ ಹೆಚ್ಚು ಕೇಳಿದ ಹಾಡಿನ ಮಾತು ಬಹುಪಾಲು ಅವರದ್ದಲ್ಲ. ಜಾನ್ ಕೂಪರ್ ಕ್ಲಾರ್ಕ್ ಅಂತ ಸಾಲ್ಫರ್ಡಿನ ಕವಿ. ಎಪ್ಪತ್ತರ ದಶಕದಲ್ಲಿ ಪಂಕ್ ಬ್ಯಾಂಡುಗಳ ಗದ್ದಲ ಶುರುವಾಗುವ ಮುಂಚೆ ವೇದಿಕೆಗೆ ಬಂದು ಉಸಿರು ಬಿಡದೆ ಪದ್ಯ ಓದಿ ಹೋಗುತ್ತಿದ್ದ ಕಡ್ಡಿಯಂಥ ಮನುಷ್ಯ. ಅವನ ಪದ್ಯದ ಪ್ರೇಮಿ ಚಂದ್ರನಾಗುತ್ತೇನೆ, ನಕ್ಷತ್ರವಾಗುತ್ತೇನೆ ಅನ್ನುವುದಿಲ್ಲ. ಮನೆಯ ಧೂಳು ಹೀರುವ ಯಂತ್ರವಾಗುತ್ತೇನೆ, ತುಕ್ಕು ಹಿಡಿಯದ ಕಾರಾಗುತ್ತೇನೆ ಅನ್ನುತ್ತಾನೆ. ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳು ಓದುವ ಪದ್ಯ ಅದು. ಬ್ಯಾಂಡಿನ ಗಾಯಕ ಅಲೆಕ್ಸ್ ಟರ್ನರ್ ಕೂಡ ಅದನ್ನು ಮೊದಲು ಕೇಳಿದ್ದು ತರಗತಿಯಲ್ಲೇ.

— ಅಂದರೆ ನೀವೇ ಒಪ್ಪಿಕೊಂಡ ಹಾಗಾಯಿತು. ಲಾಸ್ ಏಂಜಲೀಸಿನಲ್ಲಿ, ಚರ್ಮದ ಜಾಕೆಟ್ ಹಾಕಿಕೊಂಡು, ತಲೆಗೆ ಎಣ್ಣೆ ಮೆತ್ತಿಕೊಂಡು ಮಾಡಿದ ಆಲ್ಬಮ್ಮಿನ ಕೊನೆಯಲ್ಲೂ ಉತ್ತರ ಇಂಗ್ಲೆಂಡಿನ ಶಾಲೆಯ ಪಾಠವೇ ಕೂತಿದೆ. ತಮ್ಮ ಊರು ಶೆಫೀಲ್ಡನ್ನು ಬಿಟ್ಟುಹೋದರು ಅಂತ ಯಾವಾಗಲೂ ಗೊಣಗುವವರು ನೀವು.

— ಊರು ಬಿಟ್ಟರು ಅಂತ ನನ್ನ ದೂರಲ್ಲ. ಎಲ್ಲರೂ ಬಿಡುತ್ತಾರೆ. ಹಾಡಿನಿಂದ ಜನ ಖಾಲಿಯಾದರು ಅನ್ನುವುದು ನನ್ನ ದೂರು. ಮೊದಲ ಆಲ್ಬಮ್ಮನ್ನು ಒಮ್ಮೆ ಜನಗಣತಿಯವನ ಹಾಗೆ ಕೇಳಿ ನೋಡು. ಕ್ಲಬ್ಬಿನ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ ಬೌನ್ಸರುಗಳಿದ್ದಾರೆ. ರಾತ್ರಿ ಟ್ಯಾಕ್ಸಿಗೆ ಸಾಲು ನಿಂತು ಜಗಳವಾಡುವವರಿದ್ದಾರೆ, ಆ ಟ್ಯಾಕ್ಸಿಯ ಡ್ರೈವರ್ ಇದ್ದಾನೆ. ಕುಡಿದ ಹುಡುಗರನ್ನು ವ್ಯಾನಿಗೆ ತುಂಬುವ ಪೊಲೀಸರಿದ್ದಾರೆ. ಮುನಿಸಿಕೊಂಡು ಮುಖ ತಿರುಗಿಸಿದ ಗೆಳತಿಯಿದ್ದಾಳೆ. ಬೀದಿದೀಪದ ಕೆಳಗೆ ಗಿರಾಕಿಗೆ ಕಾಯುವ ಹೆಂಗಸು, ಅವಳ ಹಿಂದೆ ಅವಳನ್ನು ದುಡಿಸುವ ಕೊಳಕು ಮನುಷ್ಯ. ನಲವತ್ತೇ ನಿಮಿಷದಲ್ಲಿ ಒಂದು ಊರಿನ ಶುಕ್ರವಾರ ರಾತ್ರಿ ಪೂರ್ತಿ ಮುಗಿಯುತ್ತದೆ.

— ಕೊನೆಯದ್ದು 'ವೆನ್ ದ ಸನ್ ಗೋಸ್ ಡೌನ್' ಅಲ್ಲವಾ?

— ಅದೇ. ಶೆಫೀಲ್ಡಿನಲ್ಲಿ ನೀಪ್ಸೆಂಡ್ ಅಂತ ಹಳೆಯ ಕಾರ್ಖಾನೆಗಳ ಭಾಗವಿದೆ. ಇವರು ಅಭ್ಯಾಸ ಮಾಡುತ್ತಿದ್ದ ಕೋಣೆ ಅಲ್ಲೇ. ಒಳಗೆ ಆಂಪ್ಲಿಫೈಯರ್ ಆರಿಸಿ ಹೊರಗೆ ಬಂದರೆ ಬೀದಿಯಲ್ಲಿ ಕಾಣುತ್ತಿದ್ದದ್ದನ್ನೇ ಬರೆದರು. ನಾನು ಓದಲು ಹೋಗಿ ಅಲ್ಲಿದ್ದ ಕಾಲಕ್ಕೆ ಆ ಬೀದಿಗಳು ಬೇರೆಯಾಗಿದ್ದವು, ಹೊಸ ಫ್ಲ್ಯಾಟುಗಳು ಏಳುತ್ತಿದ್ದವು. ಆದರೂ ಸಂಜೆ ಆ ಕಡೆ ನಡೆದು ಹೋಗುವಾಗ ಹಾಡು ತಾನಾಗಿ ತಲೆಯೊಳಗೆ ಶುರುವಾಗುತ್ತಿತ್ತು. ನಕ್ಷೆಯ ಕೆಲಸ ಮಾಡುವ ಹಾಡು ಎಷ್ಟಿವೆ ಹೇಳು?

— ನಕ್ಷೆ ಬೇಕಾದವರು ಇಟ್ಟುಕೊಳ್ಳಲಿ. ನಾನು ಶೆಫೀಲ್ಡನ್ನು ನೋಡಿದವಳಲ್ಲ. ನನಗೆ ಮೊದಲ ಸಲ ಆ ಆಲ್ಬಮ್ ಕೇಳಿದಾಗ ಅರ್ಧ ಮಾತು ತಿಳಿಯಲೇ ಇಲ್ಲ. ಯಾರ್ಕ್‌ಶೈರಿನ ಆಡುಮಾತು, ಅದೂ ಓಡುವ ರೈಲಿನ ವೇಗದಲ್ಲಿ. ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಓದಬೇಕಾಯಿತು.

— ಓದಿದ ಮೇಲೆ?

— ಓದಿದ ಮೇಲೆ ಇಷ್ಟವಾಯಿತು. ಸುಳ್ಳು ಹೇಳುವುದಿಲ್ಲ. ಹತ್ತೊಂಬತ್ತರ ಹುಡುಗನೊಬ್ಬ ಅಷ್ಟು ಸಣ್ಣಸಣ್ಣದ್ದನ್ನೆಲ್ಲ ಗಮನಿಸಿದ್ದಾನಲ್ಲ ಅಂತ.

— ಆ ಹುಡುಗರು ಎಲ್ಲಿಂದ ಬಂದರು ಅನ್ನುವುದನ್ನೂ ನೋಡಬೇಕು. ಹೈ ಗ್ರೀನ್ ಅನ್ನುವುದು ಶೆಫೀಲ್ಡಿನ ಉತ್ತರದ ಅಂಚು. ಪಟ್ಟಣವೂ ಅಲ್ಲದ, ಹಳ್ಳಿಯೂ ಅಲ್ಲದ ಬಡಾವಣೆ. ಟರ್ನರ್, ಜೇಮೀ ಕುಕ್ ಅಕ್ಕಪಕ್ಕದ ಮನೆಯವರು. ಮ್ಯಾಟ್ ಹೆಲ್ಡರ್ಸ್ ಬಾಲ್ಯದ ಗೆಳೆಯ. 2001ರ ಕ್ರಿಸ್‌ಮಸ್ಸಿಗೆ ಮೊದಲಿಬ್ಬರಿಗೂ ಮನೆಯಲ್ಲಿ ಗಿಟಾರ್ ಕೊಡಿಸಿದರು. ಆಂಡಿ ನಿಕಲ್ಸನ್ ಹತ್ತಿರ ಬೇಸ್ ಇತ್ತು. ಉಳಿದದ್ದು ಡ್ರಮ್ಸ್, ಅದು ಹೆಲ್ಡರ್ಸ್ ಪಾಲಿಗೆ ಬಂತು. ಬೇರೆ ದಾರಿಯಿಲ್ಲದೆ ಡ್ರಮ್ಸ್ ಹಿಂದೆ ಕೂತವನು ಈ ಇಪ್ಪತ್ತೈದು ವರ್ಷದ ಬ್ರಿಟಿಷ್ ರಾಕಿನ ಅತ್ಯುತ್ತಮ ಡ್ರಮ್ಮರುಗಳಲ್ಲಿ ಒಬ್ಬನಾದ. ಇದು ನನ್ನ ಅಭಿಪ್ರಾಯ, ನೀನು ಒಪ್ಪದಿದ್ದರೂ ಸರಿ.

— ಇದನ್ನು ಒಪ್ಪುತ್ತೇನೆ.

— 2003ರ ಜೂನ್ 13ರಂದು ಶೆಫೀಲ್ಡ್ ನಗರದೊಳಗೆ 'ದ ಗ್ರೇಪ್ಸ್' ಅನ್ನುವ ಪಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಆಮೇಲೆ ಹಾಡುಗಳ ಡೆಮೊ ಮಾಡಿ, ಮನೆಯಲ್ಲೇ ಸಿಡಿಗಳಿಗೆ ಇಳಿಸಿ, ಕಾರ್ಯಕ್ರಮಕ್ಕೆ ಬಂದವರಿಗೆ ಪುಕ್ಕಟೆ ಹಂಚಿದರು. ಸಿಡಿ ಎಷ್ಟಿದ್ದಾವು? ಕೇಳುವವರು ಜಾಸ್ತಿ. ಸಿಕ್ಕಿದವರು ಅದನ್ನು ಕಂಪ್ಯೂಟರಿಗೆ ಹಾಕಿ, ಇಂಟರ್ನೆಟ್ಟಿನಲ್ಲಿ ಬೇರೆಯವರಿಗೆ ಕೊಟ್ಟರು. ಆ ಡೆಮೊಗಳ ಗುಚ್ಛಕ್ಕೆ 'ಬಿನೀತ್ ದ ಬೋರ್ಡ್‌ವಾಕ್' ಅಂತ ಹೆಸರಿಟ್ಟವರೂ ಅಭಿಮಾನಿಗಳೇ. ಬೋರ್ಡ್‌ವಾಕ್ ಅಂದರೆ ಟರ್ನರ್ ಬಾರಿನಲ್ಲಿ ಗ್ಲಾಸು ತುಂಬುವ ಕೆಲಸ ಮಾಡುತ್ತಿದ್ದ ಸಂಗೀತದ ಅಡ್ಡಾ.

— ಮೈಸ್ಪೇಸಿನಿಂದ ಬೆಳೆದ ಬ್ಯಾಂಡು ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ.

— ಪತ್ರಿಕೆಯವರಿಗೆ ಅದು ಚಂದದ ಕಥೆ. ಆ ಪುಟ ಮಾಡಿದ್ದು ಅಭಿಮಾನಿಗಳು, ಇವರಿಗೆ ಅದರ ಗಂಧಗಾಳಿ ಇರಲಿಲ್ಲ. ಒಂದು ದಿನ ಬೇರೆ ಊರಿನ ವೇದಿಕೆ ಹತ್ತಿದರೆ ಎದುರಿಗಿದ್ದವರು ಇವರಿಗಿಂತ ಜೋರಾಗಿ ಹಾಡುತ್ತಿದ್ದಾರೆ! ಅಂಗಡಿಯಲ್ಲಿ ಆಲ್ಬಮ್ ಇಲ್ಲ, ರೇಡಿಯೊದಲ್ಲಿ ಹಾಡಿಲ್ಲ, ಆದರೂ ಜನಕ್ಕೆ ಪದಪದವೂ ಬಾಯಿಪಾಠ. ಕಂಪನಿಗಳು ಓಡೋಡಿ ಬಂದವು. ಇವರು 2005ರಲ್ಲಿ ಡೊಮಿನೊ ಅನ್ನುವ ಸ್ವತಂತ್ರ ಕಂಪನಿಗೆ ಸಹಿ ಹಾಕಿದರು. ಅದರ ಒಡೆಯ ಲಾರೆನ್ಸ್ ಬೆಲ್ ತನಗೆ ಇಷ್ಟವಾದ ಬ್ಯಾಂಡುಗಳನ್ನು ಮಾತ್ರ ತೆಗೆದುಕೊಳ್ಳುವವನು. ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಟೋರಿಯಾ ಸಭಾಂಗಣ ತುಂಬಿತು. ಅದೇ ತಿಂಗಳು 'ಐ ಬೆಟ್ ಯು ಲುಕ್ ಗುಡ್ ಆನ್ ದ ಡಾನ್ಸ್‌ಫ್ಲೋರ್' ಬಂದು ನೇರ ಮೊದಲ ಸ್ಥಾನದಲ್ಲಿ ಕೂತಿತು. 2006ರ ಜನವರಿಯಲ್ಲಿ ಆಲ್ಬಮ್. ಮೊದಲ ವಾರ 3,63,735 ಪ್ರತಿ. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾರ ಚೊಚ್ಚಲ ಆಲ್ಬಮ್ಮೂ ಅಷ್ಟು ವೇಗವಾಗಿ ಮಾರಾಟವಾಗಿರಲಿಲ್ಲ. ಪುಕ್ಕಟೆ ಕೊಟ್ಟರೆ ಯಾರು ಕೊಳ್ಳುತ್ತಾರೆ ಅನ್ನುತ್ತಿದ್ದವರ ಬಾಯಿ ಕೆಲವು ದಿನ ಮುಚ್ಚಿತ್ತು.

— ಆ ಆಲ್ಬಮ್ಮಿನ ಹೆಸರನ್ನು ಯಾಕೆ ಹೇಳದೆ ಬಿಟ್ಟಿರಿ? ನನ್ನ ವಾದವೆಲ್ಲ ಅಲ್ಲೇ ಇರುವುದು. 'ವಾಟೆವರ್ ಪೀಪಲ್ ಸೇ ಐ ಆಮ್, ದಟ್ಸ್ ವಾಟ್ ಐ ಆಮ್ ನಾಟ್.' ಜನ ನನ್ನನ್ನು ಯಾರು ಅನ್ನುತ್ತಾರೋ ಅವನು ನಾನಲ್ಲ ಅಂತ ಮೊದಲ ದಿನವೇ ಬೋರ್ಡು ಹಾಕಿಕೊಂಡು ಬಂದವರು ಇವರು. ನೀವು ಮಾತ್ರ ಇಪ್ಪತ್ತು ವರ್ಷದಿಂದ 'ನೀನು ಶೆಫೀಲ್ಡಿನ ಹುಡುಗ, ಅಲ್ಲೇ ಇರು' ಅನ್ನುತ್ತಿದ್ದೀರಿ.

— ಆ ಹೆಸರು ಅಲನ್ ಸಿಲಿಟೋ ಅವರ 1958ರ ಕಾದಂಬರಿಯಿಂದ ಬಂದದ್ದು. 'ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್'. ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯ ಕೆಲಸಗಾರ ಆರ್ಥರ್ ಸೀಟನ್, ವಾರವಿಡೀ ಲೇತ್ ಮುಂದೆ ನಿಂತು ಶನಿವಾರ ರಾತ್ರಿ ಕುಡಿದು ಕುಣಿಯುವವನು. ನೋಡು, ಅಲ್ಲೂ ಕಾರ್ಖಾನೆ, ಊರು, ಜನ.

— ಅಲ್ಲೂ ತನ್ನನ್ನು ಯಾರೂ ಹಿಡಿದು ಹೆಸರಿಡಬಾರದು ಅನ್ನುವ ಮನುಷ್ಯನೇ ಇರುವುದು. ಟರ್ನರ್ ಆ ಸೀಟನ್ನನ ಜಾತಿಯವನು. ಜಾಗ ಬದಲಾಯಿಸುವುದೇ ಅವನ ಸ್ವಭಾವ.

— ಹಾಗಾದರೆ 'ಫೇಕ್ ಟೇಲ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಹಾಡಿಗೆ ಏನು ಹೇಳುತ್ತೀಯ? ಪಕ್ಕದ ಊರಿನ ಬ್ಯಾಂಡೊಂದು ಅಮೆರಿಕನ್ನರ ಹಾಗೆ ನಟಿಸುವುದನ್ನು ಗೇಲಿ ಮಾಡುವ ಹಾಡು. ನೀವು ಇಲ್ಲಿನವರು, ಇಲ್ಲಿನವರ ಹಾಗೇ ಮಾತಾಡಿ ಅಂತ ಕಿವಿ ಹಿಂಡುವ ಹಾಡು. ಅದನ್ನು ಬರೆದವನೇ ಹತ್ತು ವರ್ಷ ತುಂಬುವುದರೊಳಗೆ ಲಾಸ್ ಏಂಜಲೀಸಿಗೆ ಹೋಗಿ ನೆಲೆಸಿ, ಮಾತಿನ ಧಾಟಿಯನ್ನೇ ಬದಲಿಸಿಕೊಂಡ. 2014ರ ಬ್ರಿಟ್ ಪ್ರಶಸ್ತಿ ಸಮಾರಂಭದ ಭಾಷಣ ನೋಡಿದ್ದೀಯಲ್ಲ? ರಾಕ್ ಅಂಡ್ ರೋಲ್ ಸಾಯುವುದಿಲ್ಲ ಅಂತ ತೇಲುಗಣ್ಣಿನಲ್ಲಿ ಉಪದೇಶ ಮಾಡಿ, ಮೈಕನ್ನು ನೆಲಕ್ಕೆ ಬಿಟ್ಟು, ಬೇಕಾದರೆ ಅದರ ಬಿಲ್ ಕಳಿಸಿ ಅಂದುಬಿಟ್ಟ. 2005ರ ಟರ್ನರ್ ಆ ಸಭೆಯಲ್ಲಿ ಕೂತಿದ್ದರೆ ಮನೆಗೆ ಹೋಗಿ ಇವನ ಮೇಲೇ ಒಂದು ಹಾಡು ಬರೆಯುತ್ತಿದ್ದ.

— ಬರೆಯುತ್ತಿದ್ದ, ನಿಜ. ಆದರೆ ಅವನೇ ಆಮೇಲೆ ಬರೆದಿದ್ದಾನಲ್ಲ, ಅದಕ್ಕೆ ಬರುತ್ತೇನೆ. ಮೊದಲು ಹೇಳಿ, ನೀವು ಮಧ್ಯದ ಆಲ್ಬಮ್ಮುಗಳನ್ನು ಯಾಕೆ ಯಾವಾಗಲೂ ಹಾರಿಸಿಬಿಡುತ್ತೀರಿ?

— ಹಾರಿಸುವುದಿಲ್ಲ. 2007ರ 'ಫೇವರಿಟ್ ವರ್ಸ್ಟ್ ನೈಟ್‌ಮೇರ್' ನನಗೆ ಮೊದಲನೆಯದರಷ್ಟೇ ಇಷ್ಟ. ಅಷ್ಟರಲ್ಲಿ ಸುತ್ತಾಟದ ಆಯಾಸಕ್ಕೆ ನಿಕಲ್ಸನ್ ಬಿಟ್ಟುಹೋಗಿ ನಿಕ್ ಓಮಾಲಿ ಬೇಸ್ ಹಿಡಿದಿದ್ದ. ಅವನೂ ಅದೇ ಊರಿನ ಗೆಳೆಯ. ಮೊದಲ ಹಾಡು 'ಬ್ರಯನ್‌ಸ್ಟಾರ್ಮ್' ಶುರುವಾಗುವಾಗ ಹೆಲ್ಡರ್ಸ್ ಬಾರಿಸುವುದನ್ನು ಕೇಳಿದರೆ, ಹಿಂದಿನ ಆಲ್ಬಮ್ಮಿನ ಯಶಸ್ಸನ್ನು ಎರಡು ಕೋಲಿನಿಂದ ಒಡೆದು ಹಾಕುತ್ತಿದ್ದಾನೆ ಅನಿಸುತ್ತದೆ. ಆ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯ ಶುಕ್ರವಾರದ ಕೊನೆಯ ಕಾರ್ಯಕ್ರಮ ಇವರದ್ದೇ. ಇಪ್ಪತ್ತೊಂದರ ಪೋರರು.

— ಅದರಲ್ಲೇ '505' ಇದೆ.

— ಇದೆ, ಅದೂ ಕೊನೆಯಲ್ಲಿ.

— ಆ ಹಾಡನ್ನು ಸುಮ್ಮನೆ ದಾಟಬೇಡಿ. ಶುರುವಿನ ಆರ್ಗನ್ನಿನ ಸ್ವರಗಳು 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಸಿನಿಮಾದ ಎನ್ನಿಯೊ ಮೊರಿಕೋನೆಯ ಸಂಗೀತದಿಂದ ಬಂದವು. ಹಾಡಿನಲ್ಲಿ ಶೆಫೀಲ್ಡ್ ಇಲ್ಲ, ಬೌನ್ಸರ್ ಇಲ್ಲ, ಗೆಳೆಯರಿಲ್ಲ. ಒಂದು ಕೋಣೆಯ ಸಂಖ್ಯೆ, ಅಲ್ಲಿಗೆ ಹೊರಟ ಒಬ್ಬ, ಅಲ್ಲಿ ಕಾಯುತ್ತಿರಬಹುದಾದ ಒಬ್ಬಳು. ಅಷ್ಟೇ. ನೀವು ಹೇಳುವ ಜನ ಖಾಲಿಯಾಗುವ ಕೆಲಸ ಅಮೆರಿಕಕ್ಕೆ ಹೋಗುವ ಮೊದಲೇ, 2007ರಲ್ಲೇ ಶುರುವಾಗಿತ್ತು. ಈಗಿನ ಹುಡುಗರು ಮೊದಲ ಆಲ್ಬಮ್ಮಿನ ಟ್ಯಾಕ್ಸಿ ಜಗಳಕ್ಕಿಂತ ಇದಕ್ಕೆ ಹೆಚ್ಚು ಅಂಟಿಕೊಂಡಿರುವುದು ಯಾಕೆ ಯೋಚಿಸಿ. ಜನವಿಲ್ಲದ ಹಾಡಿನಲ್ಲಿ ನಮಗೆ ಕೂರಲು ಜಾಗವಿರುತ್ತದೆ.

— ಅದು ಒಳ್ಳೆಯ ಮಾತು. ಪೂರ್ತಿ ಒಪ್ಪಲಾರೆ, ಆದರೆ ಒಳ್ಳೆಯ ಮಾತು.

— ಆಮೇಲೆ ಮರುಭೂಮಿ.

— ಹ್ಞೂಂ. ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಬ್ಯಾಂಡಿನ ಜೋಶ್ ಹೋಮಿ ಇವರನ್ನು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಗೆ ಕರೆದುಕೊಂಡು ಹೋದ. ಜಾಶುವಾ ಟ್ರೀ ಹತ್ತಿರ 'ರಾಂಚೊ ಡೆ ಲಾ ಲೂನಾ' ಅನ್ನುವ ಸ್ಟುಡಿಯೊ. 2009ರಲ್ಲಿ ಹೊರಗೆ ಬಂದಾಗ ಕೂದಲು ಭುಜಕ್ಕೆ ಇಳಿದಿತ್ತು, ಹಾಡಿನ ವೇಗ ಅರ್ಧಕ್ಕೆ ಇಳಿದಿತ್ತು. 'ಹಂಬಗ್'. ಡಾನ್ಸ್‌ಫ್ಲೋರಿನ ಹಾಡಿಗೆ ಕಾಯುತ್ತಿದ್ದವರ ಮುಖ ಸಪ್ಪಗಾಯಿತು. ನನ್ನದೂ. ವಾದ್ಯಗಳೆಲ್ಲ ಮಸಿಯಲ್ಲಿ ಅದ್ದಿ ತೆಗೆದ ಹಾಗಿದ್ದವು. ಮಾತುಗಳೂ ಒಗಟಾದವು.

— ಆದರೆ 'ಕಾರ್ನರ್‌ಸ್ಟೋನ್' ಅದರಲ್ಲೇ ಇರುವುದು! ಬಿಟ್ಟುಹೋದವಳನ್ನು ಹುಡುಕುತ್ತ ಒಬ್ಬ ಪಬ್ಬಿನಿಂದ ಪಬ್ಬಿಗೆ ಅಲೆಯುತ್ತಾನೆ. ಅವಳ ಹಾಗೆ ಕಾಣುವ ಒಬ್ಬೊಬ್ಬರ ಹತ್ತಿರ ಹೋಗಿ, ನಿನ್ನನ್ನು ಅವಳ ಹೆಸರಿನಿಂದ ಕರೆಯಲಾ ಅಂತ ಕೇಳಿ ಬೈಸಿಕೊಳ್ಳುತ್ತಾನೆ. ಕಡೆಗೆ ಹೂಂ ಅನ್ನುವವಳು ಅವಳ ತಂಗಿ. ಹೆಜ್ಜೆಹೆಜ್ಜೆಗೆ ನಗು ಬರುತ್ತದೆ, ಮುಗಿಯುವಾಗ ಹೊಟ್ಟೆಯೊಳಗೆ ಏನೋ ಸಂಕಟ. ಮೊದಲ ಆಲ್ಬಮ್ಮಿನಲ್ಲಿ ಈ ಹಾಡು ಬರೆಯಲು ಸಾಧ್ಯವಿರಲಿಲ್ಲ. ಅಲ್ಲಿ ಟರ್ನರ್ ಬಾರಿನ ಮೂಲೆಯಲ್ಲಿ ನಿಂತು ಬೇರೆಯವರನ್ನು ನೋಡಿ ನಗುತ್ತಿದ್ದ. ಇಲ್ಲಿ ನಗೆಪಾಟಲಾಗುವವನು ಹಾಡುವವನೇ.

— ನೋಡುವವನು ಕೆಳಗಿಳಿದು ಪಾತ್ರವಾದ ಅನ್ನುತ್ತೀಯ.

— ಅದೇ. ಮತ್ತೆ ನಿಮ್ಮ ಪ್ರೀತಿಯ ಮೊದಲ ಆಲ್ಬಮ್ಮಿನ ಕೊನೆಯ ಹಾಡನ್ನೂ ನೆನಪಿಸಿಕೊಳ್ಳಿ, 'ಎ ಸರ್ಟನ್ ರೊಮ್ಯಾನ್ಸ್'. ಊರಿನ ಪುಂಡ ಹುಡುಗರನ್ನು ಮೂರು ನಿಮಿಷ ಹೀಯಾಳಿಸಿ, ಕಡೆಗೆ ಅವರಲ್ಲಿ ಕೆಲವರು ನನ್ನ ಗೆಳೆಯರೇ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಾರೆ ಅಂತ ತಣ್ಣಗಾಗುತ್ತಾನೆ. ಅಲ್ಲೇ ಅವನಿಗೆ ತನ್ನ ನೋಟದ ಮೇಲೆ ಅನುಮಾನ ಬಂದಿದೆ. ಮೂಲೆಯಲ್ಲಿ ನಿಂತು ನಗುವವನು ಎಷ್ಟು ದಿನ ಹಾಗೇ ನಿಲ್ಲುತ್ತಾನೆ? ಪ್ರಸಿದ್ಧನಾದ ಮೇಲೆ ಎಲ್ಲರೂ ಇವನನ್ನೇ ನೋಡುತ್ತಿದ್ದರೆ, ಇವನು ಯಾರನ್ನು ನೋಡುವುದು? ಟ್ಯಾಕ್ಸಿಯ ಸಾಲಿನಲ್ಲಿ ನಿಂತರೆ ಜಗಳ ನಿಂತುಹೋಗಿ ಸೆಲ್ಫಿ ಶುರುವಾಗುತ್ತದೆ.

— ಆ ಕಾಲಕ್ಕೆ ಸೆಲ್ಫಿ ಇರಲಿಲ್ಲ.

— ಆಟೋಗ್ರಾಫ್ ಅನ್ನಿ.

— ಆಯಿತು. 2011ರ 'ಸಕ್ ಇಟ್ ಅಂಡ್ ಸೀ' ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಲಿನ ಆಲ್ಬಮ್, ಕೇಳಲು ಹಿತ, ಮರೆಯಲೂ ಸುಲಭ. ನಿನ್ನ 'ಎಎಮ್'ಗೆ ಬಾ.

— 'ಎಎಮ್' ಬಗ್ಗೆ ನಿಮ್ಮಂಥವರು ಮಾಡುವ ಆರೋಪ ನನಗೆ ಗೊತ್ತು. ಗಿಟಾರ್ ಬ್ಯಾಂಡು ಹಿಪ್‌ಹಾಪಿನ ತಾಳ ಹಾಕಿಕೊಂಡು ಅಮೆರಿಕದ ಮಾರುಕಟ್ಟೆಗೆ ಹೋಯಿತು ಅಂತ. ಆದರೆ ಹೈ ಗ್ರೀನಿನ ಆ ಹುಡುಗರು ಗಿಟಾರ್ ಹಿಡಿಯುವ ಮುಂಚೆ ಕೇಳುತ್ತಿದ್ದದ್ದೇ ಹಿಪ್‌ಹಾಪ್. ಮೊದಲ ಆಲ್ಬಮ್ಮಿನ ಆ ಒತ್ತೊತ್ತಾದ ಮಾತು, ಉಸಿರಿಗೆ ಜಾಗ ಬಿಡದ ಪ್ರಾಸ ಮತ್ತೆ ಎಲ್ಲಿಂದ ಬಂತು? ಆಗ ರ‍್ಯಾಪಿನ ನಾಲಿಗೆ ಮಾತ್ರ ಬಂದಿತ್ತು, ಗಿಟಾರ್ ಪಂಕಿನದು. 2013ರಲ್ಲಿ ನಾಲಿಗೆ ನಿಧಾನವಾಯಿತು, ತಾಳಕ್ಕೆ ಹಿಪ್‌ಹಾಪ್ ಬಂತು. 'ಡು ಐ ವಾನಾ ನೋ?' ಶುರುವಾಗುವ ಆ ಹೆಜ್ಜೆಸಪ್ಪಳವನ್ನೇ ಕೇಳಿ. ಅಲ್ಲಿ ಹೆಲ್ಡರ್ಸ್ ಏನೂ ತೋರಿಸಿಕೊಳ್ಳುವುದಿಲ್ಲ. ಕಾಲು, ಚಪ್ಪಾಳೆ, ಕಾಲು, ಚಪ್ಪಾಳೆ. ಬ್ಲ್ಯಾಕ್ ಸಬತ್‌ನಂಥ ಭಾರದ ಗಿಟಾರಿನ ಮೇಲೆ ಅವನೂ ಓಮಾಲಿಯೂ ಹೆಣ್ಣುದನಿಯಷ್ಟು ಎತ್ತರದಲ್ಲಿ ಹಾಡುತ್ತಾರೆ. ಸಬತ್‌ನವರ ಜೊತೆಗೆ ಆರ್ ಅಂಡ್ ಬಿ ಹುಡುಗಿಯರು ನಿಂತ ಹಾಗೆ. ಹಿಂದೆ ಯಾರಾದರೂ ಮಾಡಿದ್ದರಾ?

— ನಾದದ ಬಗ್ಗೆ ನನಗೆ ತಕರಾರಿಲ್ಲ. ಸಂಗೀತವಾಗಿ ಅವರ ಅತಿ ಬಿಗಿಯಾದ ಆಲ್ಬಮ್ ಅದು, ನಿರ್ಮಾಪಕ ಜೇಮ್ಸ್ ಫೋರ್ಡ್ ಜೊತೆ ರಾಸ್ ಆರ್ಟನ್ ಕೂತು ಚೆನ್ನಾಗಿ ಕಟ್ಟಿದ್ದಾರೆ. ಆದರೆ ಕೇಳುತ್ತ ಹೋಗು. ನಡುರಾತ್ರಿ ದಾಟಿದೆ, ಒಬ್ಬ ಗಂಡಸು ಕುಡಿದಿದ್ದಾನೆ, ಕೈಯಲ್ಲಿ ಫೋನು, ಯಾರಿಗೋ ಕರೆ ಮಾಡಬೇಕು. ಮುಂದಿನ ಹಾಡಿನಲ್ಲೂ ಅದೇ ಗಂಡಸು, ಅದೇ ಫೋನು. ಆ ಕಡೆ ಇರುವವಳಿಗೆ ಮುಖವೇ ಇಲ್ಲ. 'ಫ್ಲೋರೆಸೆಂಟ್ ಅಡೋಲಸೆಂಟ್'ನ ಹೆಂಗಸು ನೆನಪಿದ್ದಾಳಾ? ಮೈಯ ಹುರುಪು ಇಳಿದ ಮೇಲೆ ಹಳೆಯ ತುಂಟಾಟಗಳನ್ನು ನೆನೆದುಕೊಳ್ಳುವವಳು. ಟರ್ನರ್ ಆ ಹಾಡನ್ನು ಆಗಿನ ಗೆಳತಿ ಜೊಹಾನಾ ಬೆನೆಟ್ ಜೊತೆ ಸೇರಿ ಬರೆದದ್ದು. ಮೂರೇ ನಿಮಿಷಗಳಲ್ಲಿ ಅವಳ ಇಡೀ ಬದುಕು ಕಾಣುತ್ತದೆ. 'ಎಎಮ್'ನಲ್ಲಿ ಅಂಥ ಒಬ್ಬಳನ್ನು ತೋರಿಸು.

— 'ಅರಬೆಲ್ಲಾ'?

— ಅವಳು ಹೆಂಗಸಲ್ಲ, ಪೋಸ್ಟರು.

— ಸರಿ, ಈ ಸುತ್ತು ನಿಮ್ಮದು. ಆದರೆ ಬರೆದವನಿಗೂ ಅದು ಗೊತ್ತಾಗಿತ್ತು ಅನಿಸುತ್ತದೆ. ಇಲ್ಲದಿದ್ದರೆ ಆ ಯಶಸ್ಸಿನ ತುದಿಯಲ್ಲಿ ಯಾರಾದರೂ ಗಿಟಾರ್ ಕೆಳಗಿಡುತ್ತಾರಾ? ಮೊದಲ ಐದು ಆಲ್ಬಮ್ಮೂ ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನಕ್ಕೆ ಬಂದಿದ್ದವು. ಅಮೆರಿಕದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿತ್ತು. ಇನ್ನೊಂದು 'ಎಎಮ್' ಮಾಡಿದ್ದರೆ ಕ್ರೀಡಾಂಗಣಗಳಲ್ಲಿ ಹಣ ಬಾಚಬಹುದಿತ್ತು. ಅವನು ಮನೆಗೆ ಹೋಗಿ ಪಿಯಾನೊ ಮುಂದೆ ಕೂತ.

— ಮೂವತ್ತನೆಯ ಹುಟ್ಟುಹಬ್ಬಕ್ಕೆ ಮ್ಯಾನೇಜರ್ ಕೊಟ್ಟ ಸ್ಟೈನ್‌ವೇ.

— ಹ್ಞಾಂ. ಗಿಟಾರ್ ಹಿಡಿದರೆ ಬೆರಳು ಹಳೆಯ ಜಾಗಗಳಿಗೇ ಹೋಗುತ್ತಿದ್ದವು. ಪಿಯಾನೊ ಮುಂದೆ ಕೂತಾಗ ತಾನು ಬೇರೆ ಯಾರೋ ಆದ ಹಾಗೆ. ಬಾರಿನ ಮೂಲೆಯಲ್ಲಿ ಯಾರೂ ಕೇಳದಿದ್ದರೂ ನುಡಿಸುತ್ತಿರುವ ಒಬ್ಬ ಹಳೆಯ ಗಾಯಕ. ಅವನನ್ನು ಕೂರಿಸಲು ಒಂದು ಹೋಟೆಲ್ ಬೇಕು, ಹೋಟೆಲಿಗೆ ಜಾಗ ಬೇಕು. ಜಾಗ ಎಲ್ಲಿ? 1969ರಲ್ಲಿ ಅಪೊಲೊ 11 ಇಳಿದ ಟ್ರಾಂಕ್ವಿಲಿಟಿ ಬೇಸ್! 2018ರ ಮೇ 11ಕ್ಕೆ 'ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕಸಿನೊ' ಬಂತು. ಮುಂಚಿತವಾಗಿ ಒಂದು ಹಾಡನ್ನೂ ಬಿಡಲಿಲ್ಲ. ಹೊದಿಕೆಯ ಮೇಲಿನ ಹೋಟೆಲನ್ನು ಟರ್ನರ್ ರಟ್ಟು ಕತ್ತರಿಸಿ ಅಂಟಿಸಿ ತಾನೇ ಮಾಡಿದ್ದು.

— ನಾನು ಮೊದಲ ಸಲ ಕೇಳಿದಾಗ ಯಾರದ್ದೋ ಬೇರೆ ಆಲ್ಬಮ್ ಹಾಕಿಬಿಟ್ಟೆ ಅಂದುಕೊಂಡೆ. ಗಿಟಾರ್ ಹುಡುಕಬೇಕಿತ್ತು. ಪಲ್ಲವಿಯಂತೂ ಇಲ್ಲವೇ ಇಲ್ಲ.

— ಮೊದಲ ಹಾಡು 'ಸ್ಟಾರ್ ಟ್ರೀಟ್‌ಮೆಂಟ್' ಶುರುವಾಗುವುದೇ ತಪ್ಪೊಪ್ಪಿಗೆಯಿಂದ. ಹಾಡುವವನು ತನಗೆ ನ್ಯೂಯಾರ್ಕಿನ ಸ್ಟ್ರೋಕ್ಸ್ ಬ್ಯಾಂಡಿನವರಲ್ಲಿ ಒಬ್ಬನಾಗುವ ಆಸೆಯಿತ್ತು ಅನ್ನುತ್ತಾನೆ. ಈಗ 'ಫೇಕ್ ಟೇಲ್ಸ್' ನೆನಪಿಸಿಕೊಳ್ಳಿ. ಅಮೆರಿಕನ್ನರಂತೆ ನಟಿಸುವವರನ್ನು ಗೇಲಿ ಮಾಡಿದ ಹುಡುಗ, ಹದಿಮೂರು ವರ್ಷ ಕಳೆದ ಮೇಲೆ, ನಾನೂ ಅವರಂಥವನೇ ಆಗಿದ್ದೆ ಅಂತ ಮೊದಲ ವಾಕ್ಯದಲ್ಲೇ ಹೇಳುತ್ತಿದ್ದಾನೆ. ಬ್ರಿಟ್ ಪ್ರಶಸ್ತಿಯ ಮೈಕು ಎಸೆದವನ ಮೇಲೆ 2005ರ ಟರ್ನರ್ ಹಾಡು ಬರೆಯುತ್ತಿದ್ದ ಅಂದಿರಲ್ಲ? ಬರೆದದ್ದು ಇದೇ. ಆ ಹೋಟೆಲಿನಲ್ಲಿ ಕೂತ ಬಡಾಯಿಗಾರ ಗಾಯಕ ಅವನೇ. ಹತ್ತೊಂಬತ್ತರ ಹುಡುಗ ಊರಿನವರ ಮೇಲೆ ಇಟ್ಟಿದ್ದ ಕಣ್ಣನ್ನು ಮೂವತ್ತೆರಡರಲ್ಲಿ ತನ್ನ ಮೇಲೇ ತಿರುಗಿಸಿದ.

— ಚಂದ್ರನ ಮೇಲೆ ಕೂತು?

— ಅಷ್ಟು ದೂರ ಹೋಗದಿದ್ದರೆ ಲಾಸ್ ಏಂಜಲೀಸ್ ಕಾಣಿಸಬೇಕಲ್ಲ! ಆ ಆಲ್ಬಮ್ಮಿನಲ್ಲಿ ಚಂದ್ರ ಬರೀ ಹಿನ್ನೆಲೆಯ ಪರದೆ. ಮಾತೆಲ್ಲ ಕೆಳಗಿನದೇ. ಗ್ರಾಹಕರು ಕೊಡುವ ನಕ್ಷತ್ರಗಳ ಲೆಕ್ಕ, ಕೈಬಿಡದ ಫೋನು, ಸುದ್ದಿಯ ಅತಿಸಾರ. ಚಂದ್ರನ ಮೇಲೆ ಒಂದು ಟಾಕೊ ಅಂಗಡಿ, ಅದಕ್ಕೆ ಮಾಧ್ಯಮ ಚಿಂತಕ ನೀಲ್ ಪೋಸ್ಟ್‌ಮನ್ನನ ಪುಸ್ತಕದಿಂದ ತೆಗೆದ ಹೆಸರು. ನಿಮ್ಮ ಊರಿನ ಚಿತ್ರಣ ಇದಕ್ಕಿಂತ ಬೇರೆ ಏನು?

— ಆ ಅಂಗಡಿಯಲ್ಲಿ ಯಾರು ತಿನ್ನುತ್ತಿದ್ದಾರೆ? ಯಾರೂ ಇಲ್ಲ. ಅಲ್ಲೇ ನಮಗಿಬ್ಬರಿಗೂ ಬೀಳದಿರುವುದು. ತನ್ನ ಮೇಲೆ ಕಣ್ಣು ತಿರುಗಿಸಿದ ಅಂದೆ, ಒಪ್ಪಿದೆ, ಬುದ್ಧಿವಂತ ಕೆಲಸ. ಆದರೆ ಬೀದಿದೀಪದ ಕೆಳಗಿನ ಆ ಹೆಂಗಸು ಈಗ ಎಲ್ಲಿದ್ದಾಳೆ ಅಂತ ಅವನಿಗೆ ಅನಿಸಲಿಲ್ಲವಾ? ತನ್ನನ್ನು ತಾನು ಗೇಲಿ ಮಾಡಿಕೊಳ್ಳುವುದರಲ್ಲೂ ಒಂದು ಸುಖವಿದೆ, ಮಾರಾಯ್ತಿ. ಎಲ್ಲ ಬೆಳಕೂ ಆಗಲೂ ತನ್ನ ಮೇಲೇ ಬೀಳುತ್ತಿರುತ್ತದೆ.

— ಅದು ಬ್ಯಾಂಡಿನ ಉಳಿದ ಮೂವರನ್ನು ಮರೆತಾಗ ಬರುವ ಮಾತು. ಮನೆಯಲ್ಲಿ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಒಬ್ಬನೇ ಹಾಡಿಕೊಂಡ ಡೆಮೊಗಳನ್ನು ಟರ್ನರ್ ಮೊದಲು ಕೇಳಿಸಿದ್ದು ಜೇಮೀ ಕುಕ್‌ಗೆ. ಇದು ನಮ್ಮ ಬ್ಯಾಂಡಿನ ಹಾಡಾ, ಇವನೊಬ್ಬನದಾ ಅಂತ ಯಾರಿಗಾದರೂ ಅನುಮಾನ ಬರಬೇಕಾದ ಹಾಡುಗಳು. ಬಾಲ್ಯದ ಗಿಟಾರ್ ಗೆಳೆಯ, ಗಿಟಾರಿಗೆ ಕೆಲಸವೇ ಇಲ್ಲದ ಹಾಡುಗಳನ್ನು ಕೇಳಿ ಆಗಲಿ ಮಾಡೋಣ ಅಂದ. ಪ್ಯಾರಿಸ್ ಹೊರವಲಯದ ಲಾ ಫ್ರೆಟ್ ಸ್ಟುಡಿಯೊದಲ್ಲಿ ಒಂದು ದಂಡು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದರು. ಹೆಲ್ಡರ್ಸ್ ಅಲ್ಲಿ ತನ್ನ ಬಲವನ್ನೆಲ್ಲ ಮಡಿಸಿಟ್ಟು ಬಾರಿಸಿದ್ದಾನೆ. 'ಬ್ರಯನ್‌ಸ್ಟಾರ್ಮ್' ಬಾರಿಸಬಲ್ಲವನು 'ಒನ್ ಪಾಯಿಂಟ್ ಪರ್ಸ್ಪೆಕ್ಟಿವ್' ಬಾರಿಸಲು ಎಷ್ಟು ಬಿಟ್ಟುಕೊಟ್ಟಿರಬೇಕು ನೋಡಿ. ಜನ ಹಾಡಿನ ಒಳಗೆ ಇಲ್ಲದಿರಬಹುದು, ಹಾಡಿನ ಹಿಂದೆ ಇದ್ದಾರೆ.

— ಆ ಮಾತು ನನಗೆ ಹಿಡಿಸಿತು. ಅವರ ವಿಷಯದಲ್ಲಿ ಬದಲಾಗದೆ ಉಳಿದದ್ದನ್ನು ಯಾರೂ ಎಣಿಸುವುದಿಲ್ಲ. ಅದೇ ಡೊಮಿನೊ ಕಂಪನಿ. 2007ರಿಂದ ಒಂದಲ್ಲ ಒಂದು ರೀತಿ ಜೊತೆಗಿರುವ ಅದೇ ಜೇಮ್ಸ್ ಫೋರ್ಡ್. ಓಮಾಲಿ ಬಂದಂದಿನಿಂದ ಅದೇ ನಾಲ್ವರು. ಇವರ ಕಾಲದಲ್ಲಿ ಹುಟ್ಟಿದ ಇಂಗ್ಲಿಷ್ ಗಿಟಾರ್ ಬ್ಯಾಂಡುಗಳಲ್ಲಿ ಎಷ್ಟೋ ಒಡೆದವು, ಕೆಲವು ಒಡೆದು ಮತ್ತೆ ಹಣಕ್ಕಾಗಿ ಕೂಡಿಕೊಂಡವು. ಹಾಡು ಬದಲಾಗದೆ ಮನುಷ್ಯರು ಬದಲಾದ ಬ್ಯಾಂಡುಗಳೇ ಹೆಚ್ಚು. ಇವರದು ತಿರುಗುಮುರುಗು.

— 'ದ ಕಾರ್' ಕೇಳಿದಿರಾ, ಸರಿಯಾಗಿ?

— ಕೇಳಿದೆ. 2022ರ ಅಕ್ಟೋಬರ್ 21. ಅದೇ ದಿನ ಟೇಲರ್ ಸ್ವಿಫ್ಟಳ 'ಮಿಡ್‌ನೈಟ್ಸ್' ಬಂದದ್ದರಿಂದ ಇವರು ಮೊದಲ ಸಲ ಎರಡನೆಯ ಸ್ಥಾನಕ್ಕೆ ಇಳಿದರು. ಸಫೋಕಿನ ಹಳೆಯ ಮಠದ ಕಟ್ಟಡದಲ್ಲಿ ಧ್ವನಿಮುದ್ರಣ, ತುಂಬಾ ತಂತಿವಾದ್ಯ. ಹೊದಿಕೆಯ ಮೇಲೆ ಖಾಲಿ ಪಾರ್ಕಿಂಗಿನಲ್ಲಿ ಒಂದು ಬಿಳಿ ಕಾರು. ಹೆಲ್ಡರ್ಸ್ ತೆಗೆದ ಫೋಟೊ ಅದು. ನೋಡು, ಕಡೆಗೆ ಹೊದಿಕೆಯಿಂದಲೂ ಜನ ಹೋದರು! ಮೊದಲ ಆಲ್ಬಮ್ಮಿನ ಹೊದಿಕೆಯಲ್ಲಿ ಕುಡಿದು ಸುಸ್ತಾಗಿ ಸಿಗರೇಟು ಎಳೆಯುತ್ತಿದ್ದ ಒಬ್ಬ ಗೆಳೆಯನ ಮುಖವಾದರೂ ಇತ್ತು.

— ಹೊದಿಕೆಯಿಂದ ಹೋದರು, ಹಾಡಿಗೆ ವಾಪಸು ಬಂದರು. 'ಮಿಸ್ಟರ್ ಶ್ವಾರ್ಟ್ಸ್' ಯಾರು? 'ದೇರ್ಡ್ ಬೆಟರ್ ಬಿ ಎ ಮಿರರ್‌ಬಾಲ್'ನಲ್ಲಿ ಕಾರಿನವರೆಗೆ ಜೊತೆಗೆ ನಡೆದು ಬರುವವರು ಯಾರು? ಆ ಆಲ್ಬಮ್ಮಿನ ತುಂಬ ಸಿನಿಮಾದ ಯೂನಿಟ್ಟಿನವರು, ಕ್ಯಾಮೆರಾ, ಮುಖಕ್ಕೆ ಬಣ್ಣ ಹಚ್ಚಿದವರು, ಹಚ್ಚಿದ್ದನ್ನು ಒರೆಸಲು ಮರೆತವರು. ಒಂದು ಪ್ರದರ್ಶನ ಮುಗಿದು ಎಲ್ಲರೂ ಸಾಮಾನು ಕಟ್ಟುತ್ತಿರುವ ಹೊತ್ತು. 'ಬಿಗ್ ಐಡಿಯಾಸ್'ನಲ್ಲಿ ದೊಡ್ಡ ಯೋಚನೆಯೊಂದಿಗೆ ವಾದ್ಯವೃಂದವನ್ನೆಲ್ಲ ಸೇರಿಸಿದವನಿಗೆ ಆ ಯೋಚನೆ ಏನಿತ್ತು ಅನ್ನುವುದೇ ನೆನಪಿಗೆ ಬರುವುದಿಲ್ಲ. ಇದು ನಿಮ್ಮ ಶುಕ್ರವಾರ ರಾತ್ರಿಯ ಕ್ಲಬ್ಬಲ್ಲ, ಸರಿ. ಆದರೆ ಮೂವತ್ತಾರರ ಮನುಷ್ಯ ಶುಕ್ರವಾರ ರಾತ್ರಿ ಎಲ್ಲಿರುತ್ತಾನೋ ಅಲ್ಲಿನ ಜನ ಇವರು. ಇಪ್ಪತ್ತು ವರ್ಷದಿಂದ ಪ್ರವಾಸ, ಸ್ಟುಡಿಯೊ, ಚಿತ್ರೀಕರಣಗಳಲ್ಲೇ ಬದುಕಿದವನು ತನ್ನ ನೆರೆಹೊರೆಯನ್ನು ಬರೆದರೆ ಹೀಗೇ ಇರುತ್ತದೆ.

— ಹಾಗೆ ನಾನು ಕೇಳಿರಲಿಲ್ಲ. ತಂತಿವಾದ್ಯದ ಚಂದಕ್ಕೆ ಮರುಳಾಗಿ, ಇದೊಂದು ಹಳೆಯ ಸಿನಿಮಾದ ನಕಲು ಅಂದುಕೊಂಡಿದ್ದೆ.

— ನಕಲೂ ಹೌದು. ನಕಲು ಅಂತ ಅವನಿಗೂ ಗೊತ್ತು.

— ಇಷ್ಟಾದರೂ ನನ್ನ ಇನ್ನೊಂದು ದೂರು ಉಳಿದಿದೆ. ಹಳೆಯ ಹಾಡುಗಳನ್ನು ಅವನು ಈಗ ಹಾಡುವ ರೀತಿ. 2023ರ ಜೂನಿನಲ್ಲಿ ಡಬ್ಲಿನ್ನಿನ ಕಾರ್ಯಕ್ರಮವನ್ನು ಗಂಟಲು ಕೆಟ್ಟು ರದ್ದು ಮಾಡಿದರು, ಗ್ಲಾಸ್ಟನ್‌ಬರಿ ಆಗುತ್ತದೋ ಇಲ್ಲವೋ ಅಂತ ಎಲ್ಲರಿಗೂ ಆತಂಕ. ಬಂದರು. ಮೂರನೆಯ ಸಲ ಅದೇ ಮುಖ್ಯ ವೇದಿಕೆ. ಅಷ್ಟು ದೊಡ್ಡ ಗುಂಪಿನ ಎದುರು ಶುರು ಮಾಡಿದ್ದು ಯಾವುದರಿಂದ? 'ಸ್ಕಲ್ಪ್ಚರ್ಸ್ ಆಫ್ ಎನಿಥಿಂಗ್ ಗೋಸ್' ಅನ್ನುವ ಶವಯಾತ್ರೆಯಿಂದ!

— ಧೈರ್ಯ ಬೇಕು ಅದಕ್ಕೆ.

— ಕೊಬ್ಬೂ ಬೇಕು. ಆಮೇಲೆ ಹಳೆಯ ಹಾಡು ಬಂದಾಗ ಜನ 2006ರ ವೇಗದಲ್ಲೇ ಹಾಡುತ್ತಿದ್ದಾರೆ, ಟರ್ನರ್ ಒಂದೊಂದು ಮಾತನ್ನೂ ಎಳೆದು, ತಡ ಮಾಡಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಜನ ಮುಂದಿನ ಸಾಲಿನ ನಡುವಿಗೆ ತಲುಪಿಬಿಟ್ಟಿರುತ್ತಾರೆ. ತನ್ನ ಹಾಡಿನಲ್ಲಿ ತಾನೇ ಹಿಂದೆ ಬಿದ್ದವನ ಹಾಗೆ. ಟೀಕೆಗಳು ಬಂದವು. ನನಗೂ ಸಿಟ್ಟು ಬಂದಿತ್ತು.

— ಈಗ?

— ಈಗ ಇಷ್ಟು ಅನಿಸುತ್ತದೆ. ಡೆಮೊ ಸಿಡಿ ಹಂಚಿದ ಕಾಲದಲ್ಲೂ ಜನ ಇವನಿಗಿಂತ ಮುಂದಿದ್ದರು. ಆಗ ಅವನಿಗೆ ಅದು ಆಶ್ಚರ್ಯ. ಈಗ ಅದು ಗೊತ್ತಿದ್ದೇ ಹಿಂದೆ ನಿಲ್ಲುತ್ತಾನೆ. ಹೆಲ್ಡರ್ಸ್ ಮಾತ್ರ ಜನರ ಜೊತೆಗಿರುತ್ತಾನೆ. ಅವನ ತಾಳ ತಪ್ಪುವುದಿಲ್ಲ, ಅದನ್ನು ನಂಬಿಕೊಂಡೇ ಇವನು ಅಷ್ಟು ತಡ ಮಾಡುವುದು.

— ಆ ತಿಂಗಳೇ ಶೆಫೀಲ್ಡಿನ ಹಿಲ್ಸ್‌ಬರೊ ಪಾರ್ಕಿನಲ್ಲೂ ಹಾಡಿದರಲ್ಲ. ಅಲ್ಲಿಯೂ ಹಾಗೇ ಎಳೆದನಾ?

— ಎಳೆದ. 'ಮಾರ್ಡಿ ಬಮ್' ಅನ್ನುವ ಆ ಮುನಿಸಿನ ಗೆಳತಿಯ ಹಾಡನ್ನು ಮತ್ತೆ ಹೊರತೆಗೆದಿದ್ದರು. ವೀಡಿಯೊ ನೋಡಿದೆ. ಹಾಡು ಬಂದ ವರ್ಷ ಹುಟ್ಟಿಯೇ ಇರದಂಥ ಹುಡುಗಿಯರು ಅದನ್ನು ಪೂರ್ತಿ ಹಾಡುತ್ತಿದ್ದರು.

— ಅವರಲ್ಲಿ ಅರ್ಧ ಜನ 'ಐ ವಾನಾ ಬಿ ಯುವರ್ಸ್' ಬಾಗಿಲಿನಿಂದ ಬಂದವರೇ ಇರುತ್ತಾರೆ.

— ಇರಲಿ ಬಿಡು. 'ಬಿಗ್ ಐಡಿಯಾಸ್' ಹಾಕು, ಅವನಿಗೆ ಮರೆತುಹೋದದ್ದು ಏನು ಅಂತ ಇನ್ನೊಮ್ಮೆ ಕೇಳುತ್ತೇನೆ. ಸ್ಪೀಕರಿನಲ್ಲಿ ಹಾಕು, ಇಯರ್‌ಫೋನ್ ಬೇಡ.